ಶಿಕ್ಷೆ ತಾಯಿಗೆ, ಲಾಭ ಕಂಪನಿಗೆ

ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದೊಡನೆ ನಡುಗುವ ಹಸುಗೂಸುಗಳ ಮಾತು ನಮ್ಮ ಗಿರಣಿ ಕಾರ್ಮಿಕರಿಗೂ ಸಣ್ಣ ಅಂಗಡಿಕಾರರಿಗೂ ಏತಕ್ಕೆ ಎಂದು ಕೇಳುವವರುಂಟು. ದುಡಿಯುವವರ ನೋವು ಹೇಗೆ ಲಾಭದ ಸರಕಾಗುತ್ತದೆಂಬುದನ್ನು ತಿಳಿಯಬೇಕಾದವರು ನಾವೇ ಅಲ್ಲವೆ?

ಬಸುರಿಯು ಅಫೀಮಿನ ಜಾತಿಯ ಮದ್ದನ್ನು ಬಹುದಿನ ಸೇವಿಸಿದರೆ, ಅದು ವೈದ್ಯರೇ ಕೊಟ್ಟದ್ದಾದರೂ, ಗರ್ಭದ ಶಿಶುವಿಗೂ ರೂಢಿಯಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಮದ್ದು ನಿಲ್ಲುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳೊಳಗೆ ಕೂಸು ಕೀರಲು ದನಿಯಲ್ಲಿ ಅಳತೊಡಗುತ್ತದೆ. ನಿದ್ದೆ ಮಾಡದು, ಮೊಲೆ ಹಿಡಿದರೂ ಸರಿಯಾಗಿ ಕುಡಿಯಲಾರದು. ದಾದಿಯು ಕೂಸಿನ ತಲೆಯನ್ನು ಅಂಗೈಯಲ್ಲಿ ಹಿಡಿದು ತುಸು ಕೆಳಕ್ಕಿಳಿಸಿ ನೋಡುತ್ತಾಳೆ. ಆರೋಗ್ಯದ ಕೂಸು ಬೆಚ್ಚಿ ತೋಳು ಚಾಚಿ, ಮತ್ತೆ ತಬ್ಬುವಂತೆ ಒಳಕ್ಕೆ ತರುತ್ತದೆ. ಮೊರೊ ಎಂಬ ವೈದ್ಯರು 1918ರಲ್ಲಿ ಇದನ್ನು ವಿವರಿಸಿದರು. ಮದ್ದು ತಪ್ಪಿದ ಕೂಸಿನಲ್ಲಿ ಈ ಬೆಚ್ಚುವಿಕೆ ಅತಿಯಾಗುತ್ತದೆ, ಕೈಗಳು ಅದುರುತ್ತಲೇ ಇರುತ್ತವೆ. ಅಳುವ ಕೂಸನ್ನು ಮೊದಲು ಸಮಾಧಾನಪಡಿಸಿಯೇ ಪರೀಕ್ಷಿಸಬೇಕು; ಇಲ್ಲವಾದರೆ ಅಳುವಿನ ನಡುಕಕ್ಕೂ ಮದ್ದು ತಪ್ಪಿದ ನಡುಕಕ್ಕೂ ಭೇದ ತಿಳಿಯದು.

1975ರಲ್ಲಿ ಲೊರೆಟ್ಟಾ ಫಿನ್ನೆಗನ್ ಎಂಬ ವೈದ್ಯೆ ಇಂಥ ಲಕ್ಷಣಗಳಿಗೆ ಅಂಕ ಕೊಡುವ ಪಟ್ಟಿಯನ್ನು ಪ್ರಕಟಿಸಿದರು. ಅಂಕ ಏರಿದರೆ ಮಾರ್ಫಿನ್ ಹನಿ. ಅದರಿಂದ ಉಪಕಾರವೇ ಆಯಿತು. ಆದರೆ 26 ಆಸ್ಪತ್ರೆಗಳ 1,305 ಶಿಶುಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನ ಬೇರೊಂದು ದಾರಿ ತೋರಿತು. ಕೂಸು ಹಾಲು ಕುಡಿಯುವುದೆ, ಮಲಗುವುದೆ, ಸಮಾಧಾನಗೊಳ್ಳುವುದೆ ಎಂಬಿಷ್ಟನ್ನೇ ನೋಡಿ, ತಾಯಿಯ ಮಡಿಲನ್ನೂ ಸದ್ದಿಲ್ಲದ ಕೋಣೆಯನ್ನೂ ಮೊದಲ ಔಷಧವಾಗಿಸಿದರು. ಕೂಸು ಮನೆಗೆ ಹೋಗಲು ಸಿದ್ಧವಾಗುವ ಅವಧಿ ಸರಾಸರಿ 14.9 ದಿನಗಳಿಂದ 8.2ಕ್ಕೆ ಇಳಿಯಿತು. ಮದ್ದು ಬೇಕಾದ ಶಿಶುಗಳು ಶೇಕಡ 52ರಿಂದ 19.5ಕ್ಕೆ ಇಳಿದವು.

ಮಡಿಲೇ ಮದ್ದಾಗಿರುವಾಗ ಟೆನೆಸ್ಸೀ ರಾಜ್ಯ ಮಾಡಿದ್ದೇನು? ಅಕ್ರಮವಾಗಿ ಮಾದಕ ಸೇವಿಸಿದ ಬಸುರಿಯ ಕೂಸಿಗೆ ಹಾನಿಯಾದರೆ ತಾಯಿಯನ್ನು ಸೆರೆಗೆ ಹಾಕಬಹುದಾದ ಕಾನೂನನ್ನು 2014ರಿಂದ 2016ರವರೆಗೆ ನಡೆಸಿತು. ಇನ್ನು, 1996ರಿಂದ ಆಕ್ಸಿಕಾಂಟಿನ್ ಗುಳಿಗೆಗೆ ಚಟ ಹತ್ತುವುದು ಅಪರೂಪವೆಂದು ನಂಬಿಸಿ, ಗಣಿ ಕೂಲಿಕಾರರ ಊರುಗಳಲ್ಲಿ ಅದನ್ನು ಹರಡಿದ ಪರ್ಡ್ಯೂ ಕಂಪನಿಗೆ ಏನಾಯಿತು? 2007ರಲ್ಲಿ ಅದರ ಸೋದರ ಸಂಸ್ಥೆಯೂ ಮೂವರು ಮೇಲಧಿಕಾರಿಗಳೂ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಆ ಮೂವರಲ್ಲಿ ಒಬ್ಬನೂ ಸೆರೆಮನೆ ಕಾಣಲಿಲ್ಲ. 2020ರಲ್ಲಿ ಕಂಪನಿ ಮತ್ತೆ ತಪ್ಪೊಪ್ಪಿಕೊಂಡಿತು.

ಬಾಣಂತಿಗೆ ಬೇಕಾದುದು ಪೊಲೀಸರಲ್ಲ. ಕೂಸಿನ ಪಕ್ಕದಲ್ಲೇ ಹಾಸಿಗೆ, ಕೂಲಿಸಹಿತ ರಜೆ, ತನಗೂ ಚಿಕಿತ್ಸೆ. ನೋವಿನ ಮದ್ದನ್ನು ಲಾಭಕೋರರ ಮಾತು ನಂಬಿ ಮಾರಲು ಬಿಡದ ಸರ್ಕಾರ. ಯಾವ ದೇಶದ ಶ್ರಮಜೀವಿಯೇ ಆಗಲಿ, ಇದನ್ನು ಭಿಕ್ಷೆಯಾಗಿ ಬೇಡಬೇಕಾಗಿಲ್ಲ, ಹಕ್ಕಾಗಿ ಕೇಳಬೇಕು.