ಮೆಟ್ಟಿಲು ಚಿತ್ರದ ಸುಳ್ಳು ಮತ್ತು "ಅನಲಾಗ್" ಪೆಟ್ಟಿಗೆ

ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಮೊನ್ನೆ ಗಿಟಾರಿಗೆ ಜೋಡಿಸುವ ಎಕೋ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಶಾಲೆಗೆ ಬಂದ. "ಮಾಷ್ಟ್ರೇ, ಇದು ಪಕ್ಕಾ ಅನಲಾಗ್ ಅಂತೆ. ಡಿಜಿಟಲ್ ಆದ್ರೆ ಸ್ವರವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹಾಕ್ತದಂತೆ. ಅದಕ್ಕೇ ಇದಕ್ಕೆ ರೇಟು ಜಾಸ್ತಿ" ಅಂದ. ರಜೆಯಲ್ಲಿ ಮದುವೆ ಮನೆಗಳಲ್ಲಿ ಬಡಿಸಿ ಕೂಡಿಸಿದ ದುಡ್ಡು. ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆವು. ಒಳಗೆ ಹದಿನಾರು ಕಾಲಿನ ಚಿಪ್, ಮೇಲೆ ಪಿಟಿ2399 ಎಂದು ಅಚ್ಚು.

ಓದುಗರೇ, ಈ ಪಿಟಿ2399 ಅಪ್ಪಟ ಡಿಜಿಟಲ್! ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿಯವರದ್ದು. ಸ್ವರವನ್ನು ಬಿಟ್ಟುಗಳಾಗಿ ಮಾಡಿ, ಸುಮಾರು 44 ಸಾವಿರ ಬಿಟ್ಟು ಹಿಡಿಯುವ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಮತ್ತೆ ಸ್ವರವಾಗಿಸಿ ಹೊರಗೆ ಬಿಡುತ್ತದೆ. ಮೆಮೊರಿ ಅಷ್ಟೇ, ಹಿಗ್ಗುವುದಿಲ್ಲ. ಪ್ರತಿಧ್ವನಿ ತಡವಾಗಿ ಬರಬೇಕಾದರೆ ಒಳಗಿನ ಗಡಿಯಾರವನ್ನೇ ನಿಧಾನ ಮಾಡಬೇಕು. 30 ಮಿಲಿಸೆಕೆಂಡಿಗೆ ಧಾರಾಳವಾಗಿದ್ದ ಬಿಟ್ಟುಗಳು 340 ಮಿಲಿಸೆಕೆಂಡಿಗೆ ಎಳೆದಾಗ ತೆಳುವಾಗುತ್ತವೆ, ಗಂಜಿಗೆ ನೀರು ಹೊಯ್ದ ಹಾಗೆ. ಸ್ವರ ಮಸುಕಾಗುತ್ತದೆ, ಗರಗರ ಸೇರುತ್ತದೆ. ಆ ಮಸುಕನ್ನೇ "ಅನಲಾಗಿನ ಬೆಚ್ಚನೆ ನಾದ" ಎಂದು ಮಾರುತ್ತಾರೆ ಮಾರಾಯ್ರೆ!

ಅಂಗಡಿಯವರನ್ನು ಮಾತ್ರ ಬೈದರೆ ಸಾಲದು. ಆ ಮೆಟ್ಟಿಲು ಚಿತ್ರವನ್ನು ಕರಿಹಲಗೆಯ ಮೇಲೆ ಬರೆದವರು ನಾವೇ ಮೇಷ್ಟ್ರುಗಳು. ಅಲೆಯನ್ನು ಬರೆಯುವುದು, ಮೇಲೆ ಮೆಟ್ಟಿಲು ಬರೆಯುವುದು, "ಇದೇ ಡಿಜಿಟಲ್" ಎನ್ನುವುದು. ಸ್ಯಾಂಪಲ್ ಎಂದರೆ ಮೆಟ್ಟಿಲಲ್ಲ, ಬರೀ ಚುಕ್ಕಿ. ಸೀಡಿಯಲ್ಲಿ ಸೆಕೆಂಡಿಗೆ 44,100 ಚುಕ್ಕಿ. ಅದರ ಅರ್ಧ, ಅಂದರೆ 22,050 ಹರ್ಟ್ಸಿಗಿಂತ ಕೆಳಗಿನ ಅಲೆಗಳು ಮಾತ್ರ ಇದ್ದರೆ ಆ ಚುಕ್ಕಿಗಳ ಮೂಲಕ ಹಾಯುವ ಅಲೆ ಒಂದೇ ಒಂದು. 1949ರಲ್ಲಿ ಕ್ಲಾಡ್ ಶಾನನ್ ಇದನ್ನು ಗಣಿತದಲ್ಲಿ ತೋರಿಸಿ ಆಗಿದೆ. ಹೊರಬರುವ ದಾರಿಯ ಫಿಲ್ಟರ್ ಆ ನುಣುಪಾದ ಅಲೆಯನ್ನೇ ಕೊಡುತ್ತದೆ. ನಮ್ಮ ಕಿವಿ ಕೇಳುವುದೇ ಹೆಚ್ಚೆಂದರೆ 20,000ದವರೆಗೆ. ನಮ್ಮ ವಯಸ್ಸಿನವರಿಗೆ ಅದೂ ಇಲ್ಲ ಬಿಡಿ.

ಹಾಗಾದರೆ ಡಿಜಿಟಲ್‌ನಲ್ಲಿ ದೋಷವೇ ಇಲ್ಲವೇ? ಇದೆ, ಬೇರೆ ಕಡೆ ಇದೆ. ಒಳಹೋಗುವ ದಾರಿಯಲ್ಲಿ ಫಿಲ್ಟರ್ ಇಲ್ಲದೆ 30,000 ಹರ್ಟ್ಸಿನ ಅಲೆ ನುಗ್ಗಿದರೆ ಅದು 14,100ರ ವೇಷ ಹಾಕಿಕೊಂಡು ಕೇಳುತ್ತದೆ. ಆಮೇಲೆ ಯಾರು ಎಷ್ಟು ತಿಣುಕಿದರೂ ವೇಷ ಕಳಚುವುದಿಲ್ಲ. ಇನ್ನು 16 ಬಿಟ್ಟಿಗೆ 65,536 ಮಟ್ಟಗಳು. ಆ ಲೆಕ್ಕದಲ್ಲಿ ಉಳಿಯುವ ಸಣ್ಣ ತಪ್ಪು ಸುಮಾರು 96 ಡೆಸಿಬೆಲ್ ಕೆಳಗಿನ ಸದ್ದು. ನಮ್ಮ ತರಗತಿಯ ಫ್ಯಾನು ಅದಕ್ಕಿಂತ ಎಷ್ಟೋ ಜೋರು.

ಇನ್ನೊಂದು ತಮಾಷೆ. 1969ರಲ್ಲಿ ಫಿಲಿಪ್ಸ್‌ನವರು ಕಂಡುಹಿಡಿದ "ಬಕೆಟ್ ಬ್ರಿಗೇಡ್" ಚಿಪ್ ನಿಜಕ್ಕೂ ಅನಲಾಗ್. ಬೆಂಕಿ ನಂದಿಸುವವರು ಕೈಯಿಂದ ಕೈಗೆ ಬಕೆಟ್ ದಾಟಿಸಿದಂತೆ ವಿದ್ಯುದಂಶವನ್ನು ದಾಟಿಸುತ್ತದೆ. ಆದರೆ ಅದೂ ಕಾಲವನ್ನು ತುಂಡು ಮಾಡಿಯೇ ಕೆಲಸ ಮಾಡುವುದು, ಅದಕ್ಕೂ ಗಡಿಯಾರ ಬೇಕು, ಫಿಲ್ಟರ್ ಬೇಕು. "ಕಡಿಯುವುದೇ ಪಾಪ" ಎನ್ನುವವರು ಇದಕ್ಕೇನು ಹೇಳುತ್ತಾರೋ!

ತಂತಿಯ ವಿಷಯದಲ್ಲೂ ಇಂಥದೇ ಬುರುಡೆ. ದಪ್ಪ ಮಿಡಿ ಕೇಬಲ್ ಹಾಕಿದರೆ "ಸೌಂಡು ಕ್ಲೀನ್" ಅಂತ ಅದೇ ಹುಡುಗನಿಗೆ ಹೇಳಿದ್ದಾರೆ. 1983ರಲ್ಲಿ ಬಂದ ಆ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್ಟು. ಸೀಡಿ ಗುಣಮಟ್ಟದ ಎರಡು ಚಾನೆಲ್ ಸ್ವರಕ್ಕೆ ಬೇಕಾದದ್ದು 14,11,200. ನಲವತ್ತೈದು ಪಟ್ಟು! ಆ ಕೇಬಲಿನಲ್ಲಿ ಹೋಗುವುದು ಸ್ವರವಲ್ಲ, "ಈ ಮನೆ ಒತ್ತು, ಆ ಮನೆ ಬಿಡು" ಎಂಬ ಅಪ್ಪಣೆ ಮಾತ್ರ. ಸ್ವರದ ಬಿಟ್ಟುಗಳು ಸಾಲಾಗಿ ಓಡುವುದು ಪೆಟ್ಟಿಗೆಯೊಳಗೆ, ಫಿಲಿಪ್ಸ್ 1986ರಲ್ಲಿ ಪ್ರಕಟಿಸಿದ ಮೂರು ಗೆರೆಯ ಏರ್ಪಾಟಿನಂಥ ದಾರಿಗಳಲ್ಲಿ: ಒಂದರಲ್ಲಿ ತಾಳ, ಒಂದರಲ್ಲಿ ಎಡವೋ ಬಲವೋ ಎಂಬ ಸೂಚನೆ, ಇನ್ನೊಂದರಲ್ಲಿ ಬಿಟ್ಟು.

ಪೆಟ್ಟಿಗೆ ಕೆಟ್ಟದ್ದಲ್ಲ. ಸಂಜೆ ಹುಡುಗ ನುಡಿಸಿದ, ಚಂದವೇ ಇತ್ತು. ಚಿಪ್ಪಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೇವೆ. ಶನಿವಾರ ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋಗುತ್ತಾನಂತೆ.