ನೂರು ಮೀಟರಿನ ಆಚೆ

ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳಿಗೆ, ಮುಳಬಾಗಿಲು ತಾಲ್ಲೂಕಿನ ಆವಣಿಯ ರಾಮಲಿಂಗೇಶ್ವರ ಗುಡಿಗಳ ಸಮೂಹಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಿದೆ. 1958ರ ಕಾಯ್ದೆಯ ಬಲವಿದೆ. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕಗಳ ಸುತ್ತಲಿನ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ನನ್ನ ಚಿಂತೆ ಆ ನೂರು ಮೀಟರಿನ ಆಚೆಯದು. ಪೇಟೆಬೀದಿಯ ತೊಟ್ಟಿಮನೆ, ಕಲ್ಲುಚಪ್ಪಡಿ ಹೊದಿಸಿದ ಮಂಟಪ, ಹೂಳು ತುಂಬಿದ ಕಲ್ಯಾಣಿ, ದಾರಿಹೋಕರ ಛತ್ರ ಇವುಗಳಲ್ಲಿ ಹೆಚ್ಚಿನವು ಯಾವ ಇಲಾಖೆಯ ಪಟ್ಟಿಗೂ ಸೇರಿಲ್ಲ. ಪಟ್ಟಿಯಲ್ಲಿಲ್ಲದ್ದು ಕಾಣೆಯಾದರೆ ಕೇಳುವವರಿರುವುದಿಲ್ಲ.

ಸೇವೆಯಲ್ಲಿದ್ದಾಗ ಇಂಥದೊಂದು ಛತ್ರವನ್ನು ಕೆಡವುವ ಕಡತಕ್ಕೆ ಸಹಿ ಹಾಕಿದವನು ನಾನೇ. 'ಶಿಥಿಲಗೊಂಡಿದೆ, ಅಪಾಯಕಾರಿ' ಎಂಬ ಎರಡು ಸಾಲಿನ ವರದಿಯನ್ನು ನಂಬಿದೆ. ಸ್ಥಳಕ್ಕೆ ಹೋಗಿ ನೋಡುವಷ್ಟು ವ್ಯವಧಾನ ತೋರಲಿಲ್ಲ. ಆ 'ಶಿಥಿಲ' ಗೋಡೆಗಳನ್ನು ಉರುಳಿಸಲು ಕೂಲಿಯವರಿಗೆ ಹನ್ನೊಂದು ದಿನ ಬೇಕಾಯಿತೆಂದು ಆಮೇಲೆ ತಿಳಿಯಿತು. ಆಕ್ಷೇಪಿಸಿ ಊರಿನಿಂದ ಒಂದೇ ಒಂದು ಅರ್ಜಿಯೂ ಬಂದಿರಲಿಲ್ಲ. ಇದು ನನ್ನ ತಪ್ಪಿಗೆ ಸಮಜಾಯಿಷಿಯಲ್ಲ, ಆದರೆ ಸಮಸ್ಯೆಯ ಮೂಲ ಅಲ್ಲಿಯೇ ಇದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಈ ಲೆಕ್ಕ ಅಪರಿಚಿತವಲ್ಲ. ಸೋರುವ ತಾರಸಿಗೆ ಗಾರೆ ಹಾಕಿಸುವವನು ಮಾಲೀಕನೊಬ್ಬನೇ. ಬೀದಿಯ ಚೆಲುವನ್ನು ಅನುಭವಿಸುವವರು ಎಲ್ಲರೂ. ಬೆಂಗಳೂರಿನ ನೆರಳಿನಲ್ಲಿರುವ ಮಾಲೂರಿನಂಥ ಊರಿನಲ್ಲಿ ಅಣ್ಣತಮ್ಮಂದಿರ ನಡುವೆ ಪಾಲಾಗಬೇಕಾದ ಹಳೆಯ ಮನೆಯನ್ನು ಉಳಿಸಿರೆಂದು ಉಪದೇಶಿಸುವುದು ಸುಲಭ. ಉಪದೇಶದಿಂದ ತಾರಸಿ ಸೋರುವುದು ನಿಲ್ಲದು. ವೆಚ್ಚದಲ್ಲಿ ಊರೂ ಪಾಲುಗೊಳ್ಳಬೇಕು.

ಅದಕ್ಕೊಂದು ಮಾದರಿ ನಮ್ಮ ರಾಜ್ಯದಲ್ಲಿಯೇ ಇದೆ. 1991ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹಳೆಯ ದೇವಾಲಯಗಳ ಜೀರ್ಣೋದ್ಧಾರದಲ್ಲಿ ಅನುಸರಿಸುತ್ತ ಬಂದಿರುವ ಸೂತ್ರದಂತೆ ಸರ್ಕಾರ ಶೇ 40, ಟ್ರಸ್ಟ್ ಶೇ 40, ಊರವರು ಶೇ 20ರಷ್ಟು ವೆಚ್ಚ ಭರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇವುಗಳ ಪೈಕಿ ತೂಕದ್ದು ಊರವರ ಪಾಲೇ. ಕೈಯಿಂದ ದುಡ್ಡು ಕೊಟ್ಟವನು ಕೆಲಸವನ್ನು ನೋಡಲು ಬರುತ್ತಾನೆ, ಗುತ್ತಿಗೆದಾರನನ್ನು ಪ್ರಶ್ನಿಸುತ್ತಾನೆ, ಮರುವರ್ಷ ಗೋಪುರದ ಮೇಲೆ ಅರಳಿಗಿಡ ಚಿಗುರಿದರೆ ಕೀಳಿಸುತ್ತಾನೆ. ಇದೇ ಸೂತ್ರವನ್ನು ಛತ್ರಕ್ಕೆ, ಕಲ್ಯಾಣಿಗೆ, ಹಳೆಯ ಶಾಲೆಗೆ ವಿಸ್ತರಿಸಲು ಅಡ್ಡಿಯೇನು?

ಊರವರ ಉತ್ಸಾಹದಿಂದಲೇ ಹಾನಿಯಾಗುವುದೂ ಉಂಟು, ಅದನ್ನು ಮುಚ್ಚಿಡಬಾರದು. ಭಕ್ತಿಯಿಂದ ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದವರು, ಶಾಸನದ ಮೇಲೆ ಸುಣ್ಣ ಹೊಡೆದವರು, ಗರ್ಭಗುಡಿಗೆ ಸ್ನಾನದಮನೆಯ ಟೈಲ್ಸ್ ಅಂಟಿಸಿದವರು ಎಲ್ಲ ಊರಿನಲ್ಲೂ ಇದ್ದಾರೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯೇ ಸಡಿಲಾಗುತ್ತದೆ. ಬೆಲ್ಲ, ಅಳಲೆಕಾಯಿ ಬೆರೆಸಿ ಗಾರೆ ಅರೆಯಬಲ್ಲ ಮೇಸ್ತ್ರಿಗಳು ವಿರಳವಾಗುತ್ತಿದ್ದಾರೆ. ಆದ್ದರಿಂದ ಚಂದಾ ಎತ್ತುವುದಕ್ಕೆ ಮುನ್ನ ತಿಳಿದವರ ಸಲಹೆ ಪಡೆಯುವುದು ಕಡ್ಡಾಯವಾಗಬೇಕು.

ಕಟ್ಟಡ ಬದುಕುವುದು ಬಳಕೆಯಿಂದ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆ ಗ್ರಂಥಾಲಯವಾಯಿತು. ಬೀಗ ಹಾಕಿದ ಸ್ಮಾರಕಕ್ಕಿಂತ ಮಕ್ಕಳು ಪತ್ರಿಕೆ ಓದಲು ಬರುವ ಮನೆ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಎಲ್ಲ ಬೀದಿಗೂ ಒಬ್ಬ ಮಾಸ್ತಿ ಸಿಗುವುದಿಲ್ಲ.

ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟ ಶ್ರೀನಿವಾಸಪುರ ಇಂದು ಮಾವಿಗೆ ಹೆಸರುವಾಸಿ. ಫಸಲು ಚೆನ್ನಾಗಿ ಬಂದ ವರ್ಷ ಊರ ಜಾತ್ರೆಗೆ ಕೈಬಿಚ್ಚಿ ಕೊಡುವ ಮಂಡಿ ವರ್ತಕರು ಒಂದು ಕಲ್ಯಾಣಿಯ ಶೇ 20ರ ಪಾಲಿಗೆ ಹಿಂಜರಿಯುವರೆಂದು ನನಗನ್ನಿಸುವುದಿಲ್ಲ. ಅವರನ್ನು ಯಾರಾದರೂ ಕೇಳಬೇಕಷ್ಟೆ. ಈ ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆಗಳಿಂದ ಕೆಲಸ ಆರಂಭಿಸಬಹುದು. ಪ್ರತಿ ಶಾಲೆಯೂ ತನ್ನ ಊರಿನ ಹಳೆಯ ಕಟ್ಟಡಗಳ ಪಟ್ಟಿಯೊಂದನ್ನು ಮಾಡಲಿ, ಅದು ವಾರ್ಡು ಸಭೆಯಲ್ಲಿ, ಗ್ರಾಮಸಭೆಯಲ್ಲಿ ಓದಲ್ಪಡಲಿ. ಆ ಪಟ್ಟಿಯಲ್ಲಿರುವ ಕಟ್ಟಡದ ಮುಂಭಾಗವನ್ನು ಕೆಡದಂತೆ ಉಳಿಸಿಕೊಂಡ ಮಾಲೀಕನಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ದೊರೆಯುವಂತಾಗಲಿ. ಕೆಡವುವ ಕಡತ ಅಧಿಕಾರಿಯ ಮೇಜಿಗೆ ಬಂದಾಗ ಅದರೊಂದಿಗೆ ಈ ಪಟ್ಟಿಯ ಒಂದು ಪ್ರತಿಯೂ ಇರಲಿ. ನನ್ನ ಮುಂದೆ ಅಂದು ಅಂಥದೊಂದು ಹಾಳೆ ಇದ್ದಿದ್ದರೆ ಛತ್ರವನ್ನು ಒಮ್ಮೆಯಾದರೂ ನೋಡಿಬರುತ್ತಿದ್ದೆ.