ಎಂ.ಟೆಕ್‌ಗೆ ಒಡವೆ ಅಡ ಇಡುವ ಮುಂಚೆ ಗೇಟ್ ಬಗ್ಗೆ ಕೇಳಿ

ಹೋದ ತಿಂಗಳು ಕೆಂಗೇರಿಯಲ್ಲಿ ಬಸ್ ಇಳಿದು ಮೆಟ್ರೋ ಹತ್ತುವಾಗ ಪಕ್ಕದೂರಿನ ಹುಡುಗ ಸಿಕ್ಕಿದ. ನಮ್ಮ ಜಿಲ್ಲೆಯಲ್ಲೇ ಎಲೆಕ್ಟ್ರಿಕಲ್ ಬಿ.ಇ. ಮುಗಿಸಿ ಈಗ ಬೆಂಗಳೂರಲ್ಲಿ ಎಂ.ಟೆಕ್ ಮಾಡುತ್ತಿದ್ದಾನೆ. ವಿಜಯನಗರದ ಪಿಜಿಯಲ್ಲಿ ವಾಸ, ಒಂದು ರೂಮಿಗೆ ನಾಲ್ಕು ಜನ.

"ಸ್ಟೈಪೆಂಡ್ ಬರುತ್ತೇನಪ್ಪಾ?" ಅಂದೆ.

"ಗೇಟ್ ಬರೆದಿದ್ರೆ ಬರ್ತಿತ್ತಂತೆ ಅಣ್ಣ. ಇಲ್ಲಿಗೆ ಸೇರಿದ ಮೇಲೆ ಗೊತ್ತಾಯ್ತು."

ಅವರಪ್ಪ ಕಬ್ಬಿನ ದುಡ್ಡು ಸಾಲದೆ ಹೆಂಡತಿಯ ಸರ ಅಡ ಇಟ್ಟು ಫೀಸು ಕಟ್ಟಿದ್ದಾರೆ.

ಲೆಕ್ಕ ನೋಡಿ. ಗೇಟ್ ಅರ್ಹತೆ ಇಟ್ಟುಕೊಂಡು ಎಐಸಿಟಿಇ ಮಾನ್ಯತೆಯ ಕಾಲೇಜಿಗೆ ಎಂ.ಟೆಕ್ ಸೇರಿದವರಿಗೆ ಕೇಂದ್ರದಿಂದ ತಿಂಗಳಿಗೆ 12,400 ರೂಪಾಯಿ ಬರುತ್ತದೆ, 24 ತಿಂಗಳವರೆಗೆ. ಒಟ್ಟು 2,97,600. ಸೇರುವಾಗಲೇ ಸ್ಕೋರ್ ಕೈಯಲ್ಲಿರಬೇಕು. ಈ ಹಣ ತಡವಾಗಿ ಬರುತ್ತದೆಂಬ ದೂರೂ ಇದೆ, ಅದು ಬೇರೆ ಜಗಳ. ತಡವಾಗಿ ಬರುವುದಕ್ಕೂ ಬಾರದೇ ಇರುವುದಕ್ಕೂ ವ್ಯತ್ಯಾಸ ಇದೆ.

ನಾಲ್ಕು ವರ್ಷ ಬಿ.ಇ. ಓದಿಸಿದ ಕಾಲೇಜಿನವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಫೀಸು ಬಾಕಿ ಇದ್ದಾಗ ಮನೆಗೆ ಮೂರು ಸಲ ಫೋನ್ ಮಾಡುವವರು, ಗೇಟ್ ಅರ್ಜಿ ಶುರುವಾಯ್ತು ಅಂತ ಕನ್ನಡದಲ್ಲಿ ಒಂದು ಮೆಸೇಜ್ ಹಾಕಲಿಲ್ಲ. ಕ್ಯಾಂಪಸ್‌ನಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ಫ್ಲೆಕ್ಸ್ ಹಾಕಿದರೆ ಅಡ್ಮಿಷನ್ ಬರುತ್ತೆ, ಗೇಟ್ ಪಾಸಾದವರ ಫ್ಲೆಕ್ಸ್‌ನಿಂದ ಅವರಿಗೇನು ಬರಬೇಕು?

ಬೈಗುಳ ನಮಗೂ ಸೇರಬೇಕು. ನಾನು ಜಿಲ್ಲೆಯ ಸುದ್ದಿ ಬರೆಯುವವನು. ಪಿಯುಸಿ ಟಾಪರ್ ಬಾಯಿಗೆ ಸ್ವೀಟ್ ಇಡುವ ಫೋಟೋ ಎಷ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. ಗೇಟ್ ಅರ್ಜಿಯ ತಾರೀಖು ಒಂದು ಸಲವೂ ಕಳಿಸಿಲ್ಲ. ಹುಡುಗನ ಅಪ್ಪ ಫೋನಲ್ಲಿ ಕೇಳಿದರು: "ನೀನು ಪೇಪರ್ನೋನಲ್ವೇನಪ್ಪ, ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಅದು ಐಐಟಿ ಹುಡುಗರ ಪರೀಕ್ಷೆ, ನಮ್ಮಂಥೋರಿಗಲ್ಲ" ಅನ್ನುವವರಿಗೆ ಒಂದು ಮಾತು. ಐಐಟಿ ಸೇರೋದು ಬೇರೆ, ಅರ್ಹತೆ ಪಡೆಯೋದು ಬೇರೆ. 2024ರಲ್ಲಿ ನೂರು ಅಂಕಕ್ಕೆ ಸಾಮಾನ್ಯ ವರ್ಗದವರಿಗೆ ಬೇಕಿದ್ದ ಅರ್ಹತಾ ಅಂಕ ಕಂಪ್ಯೂಟರ್ ಸೈನ್ಸ್‌ನಲ್ಲಿ 27.6, ಎಲೆಕ್ಟ್ರಿಕಲ್‌ನಲ್ಲಿ 25.7. ಪರಿಶಿಷ್ಟ ಜಾತಿ, ಪಂಗಡದವರಿಗೆ ಕಂಪ್ಯೂಟರ್ ಸೈನ್ಸ್‌ಗೆ 18.4 ಸಾಕಿತ್ತು. ಪ್ರಶ್ನೆ ಇಂಗ್ಲಿಷಿನಲ್ಲಿರುತ್ತದೆ, ನಿಜ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಉಂಟು. ಆದರೆ ಬಿ.ಇ. ಓದಿದ್ದೂ ಇಂಗ್ಲಿಷಿನಲ್ಲೇ ತಾನೆ? ಒಂದು ವರ್ಷ ಗಣಿತ ಮತ್ತು ಬೇಸಿಕ್ಸ್ ಕೂತು ಮಾಡಿದರೆ ನಮ್ಮ ಹುಡುಗರಿಗೆ ಇದು ಆಗದ ಮಾತೇನಲ್ಲ. ಒಮ್ಮೆ ಬಂದ ಸ್ಕೋರ್ ಮೂರು ವರ್ಷ ನಡೆಯುತ್ತದೆ. ನಮ್ಮ ಕೆಇಎ ಮೂಲಕ ಎಂ.ಟೆಕ್ ಸೀಟು ಹಂಚುವಾಗಲೂ ಗೇಟ್‌ನವರಿಗೇ ಮೊದಲ ಆದ್ಯತೆ.

ರಾಜಾಜಿನಗರದಿಂದ ಸ್ವಲ್ಪ ದೂರ ಹೋದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಐಐಎಸ್‌ಸಿ ಇದೆ. 1909ರಲ್ಲಿ ಶುರುವಾದದ್ದು, ಮೈಸೂರು ಸಂಸ್ಥಾನ ಕೊಟ್ಟ ಜಾಗ. ಅಲ್ಲಿ ಮೊದಲು ತೆರೆದ ವಿಭಾಗಗಳಲ್ಲಿ ಎಲೆಕ್ಟ್ರಿಕಲ್ ಕೂಡ ಒಂದು. ಅಲ್ಲಿಗೆ ಎಂ.ಟೆಕ್ ಸೇರಲೂ ಇದೇ ಗೇಟ್ ಬೇಕು. ನಮ್ಮೂರ ಎಷ್ಟೋ ಹುಡುಗರು ಬಸ್ಸಿನ ಕಿಟಕಿಯಿಂದ ಅದರ ಕಾಂಪೌಂಡ್ ನೋಡಿದ್ದಾರೆ, ಅಷ್ಟೇ.

ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಮೂರನೇ ವರ್ಷದವರೂ ಬರೆಯಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಶುಲ್ಕ ಅರ್ಧ. ಆ ಹುಡುಗನ ತಂಗಿ ಈಗ ಮೂರನೇ ವರ್ಷ ಕಂಪ್ಯೂಟರ್ ಸೈನ್ಸ್. ಅರ್ಜಿ ಬಿಟ್ಟ ದಿನವೇ ಫೋನ್ ಮಾಡಿ ಅಣ್ಣ ಅಂದಿದ್ದಾಳೆ.